ನಮ್ಮ ಮನೆ ಸರಳವಾದ ಯುಗಾದಿ

ಹೊಂಗೆಮರ ಹೂ ಉದುರಿಸಲು ಶುರುಮಾಡಿದರೆ ಸಾಕು, ನನಗೆ ಸಿಟ್ಟು ಬರುತ್ತದೆ. ಮರದ ತಪ್ಪೇನಿಲ್ಲ. ಸಹಕಾರನಗರದ ನಮ್ಮ ಬೀದಿಯಲ್ಲಿ ಸಾಲಾಗಿ ಹೊಂಗೆಗಳಿವೆ. ಯುಗಾದಿ ಹತ್ತಿರ ಬಂದಂತೆ ಎಳೆ ಹಸಿರಾಗಿ ಚಿಗುರಿ, ಆಮೇಲೆ ಬಿಳಿ ಹೂವನ್ನು ನಿಲ್ಲಿಸಿದ ಕಾರುಗಳ ಮೇಲೆಲ್ಲ ಸುರಿಯುತ್ತವೆ. ವಾಕಿಂಗ್ ಹೋಗುವವರು ನಿಂತು ಆಹಾ ಎನ್ನುತ್ತಾರೆ. ಆಹಾ ಎನ್ನುವವರು ಯಾರೂ ಗುಡಿಸುವವರಲ್ಲ. ಇವತ್ತು ಬೆಳಿಗ್ಗೆ ಗೇಟಿನ ಮುಂದೆ ನೀರು ಚಿಮುಕಿಸಿ ಪೊರಕೆ ಹಿಡಿದೆ. ಒದ್ದೆ ಹೂವಿನ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಮೂರು ವರ್ಷದ ಹಿಂದಿನ ವಸಂತ ಎದ್ದು ಬಂದು ಎದುರಿಗೆ ನಿಂತಿತು. ನಮ್ಮ ಮನೆ ಸರಳವಾದ ವಸಂತ. ಸರಳ ಎಂಬ ಆ ಪದವನ್ನು ಈಗಲೂ ಯಾರಾದರೂ ನನ್ನೆದುರು ಆಡಿದರೆ ಮೈ ಉರಿಯುತ್ತದೆ.

ಸರಳ ಜೀವನವನ್ನು ನಮ್ಮ ಮನೆಗೆ ತಂದವರು ನನ್ನ ಗಂಡ. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ಫೈಲು ತಿರುವಿ ಆಗಷ್ಟೇ ನಿವೃತ್ತರಾಗಿದ್ದರು. ನಿವೃತ್ತನಾದ ಗಂಡಸಿಗೆ ಮನೆಯೇ ಕಚೇರಿ, ಹೆಂಡತಿಯೇ ಸಿಬ್ಬಂದಿ. ಅಂಥ ಹೊತ್ತಿನಲ್ಲಿ ಪಾರ್ಕಿನ ಗೆಳೆಯರ ಜೊತೆ ಹೆಸರಘಟ್ಟದ ಕಡೆ ಯಾರದೋ ತೋಟದಲ್ಲಿ ನಡೆದ ಎರಡು ದಿನದ ಶಿಬಿರಕ್ಕೆ ಹೋದರು. ಹೋಗುವಾಗ ಮಾಮೂಲಿ ಮನುಷ್ಯರಾಗಿದ್ದರು. ಬರುವಾಗ ಹೆಗಲಿಗೆ ಬಟ್ಟೆಚೀಲ, ಕೈಯಲ್ಲಿ ಒಂದು ಮಣ್ಣಿನ ಹೂಜಿ, ಬಾಯಲ್ಲಿ ಉಪದೇಶ.

"ಸುಧಾ, ನಮ್ಮನೇಲಿ ಎಷ್ಟು ವಸ್ತು ಇದೆ ಅಂತ ಯಾವತ್ತಾದ್ರೂ ಯೋಚಿಸಿದೀಯಾ?" ಎಂದು ಚಪ್ಪಲಿ ಬಿಡುವ ಮುಂಚೆಯೇ ಕೇಳಿದರು.

"ಅದನ್ನೆಲ್ಲ ಒರೆಸೋಳು ನಾನು. ಯೋಚಿಸ್ದೇ ಇರ್ತೀನಾ?" ಎಂದೆ.

ಒಂದು ವರ್ಷ ಮುಟ್ಟದ ವಸ್ತು ಮನೆಯಲ್ಲಿರಬಾರದು ಎಂಬುದು ಮೊದಲ ನಿಯಮ. ಸುಳ್ಳು ಯಾಕೆ ಹೇಳಲಿ, ಅದು ನನಗೂ ಹಿಡಿಸಿತು. ಶಿವರಾತ್ರಿ ಕಳೆದಿತ್ತು, ಹೇಗೂ ಯುಗಾದಿಗೆ ಮನೆ ತೊಳೆಯಬೇಕು. ಅಟ್ಟ ಖಾಲಿ ಮಾಡಲು ನಾನೂ ರತ್ನಮ್ಮನೂ ನಿಂತೆವು. ರತ್ನಮ್ಮ ನಮ್ಮ ಮನೆಗೆ ಹತ್ತೊಂಬತ್ತು ವರ್ಷದಿಂದ ಕೆಲಸಕ್ಕೆ ಬರುತ್ತಿದ್ದವಳು. ಸ್ಟೂಲಿನ ಮೇಲೆ ಅವಳು, ಕೆಳಗೆ ನಾನು. ಮುಚ್ಚಳವಿಲ್ಲದ ಕುಕ್ಕರ್, ಕುಕ್ಕರಿಲ್ಲದ ಮುಚ್ಚಳ, ಕೆಟ್ಟ ಇಸ್ತ್ರಿಪೆಟ್ಟಿಗೆ ಎರಡು, ಐಸ್‌ಕ್ರೀಮ್ ಡಬ್ಬಿಗಳ ಗೋಪುರ, ಪ್ಲಾಸ್ಟಿಕ್ ಚೀಲಗಳನ್ನೇ ತುಂಬಿಟ್ಟ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ, ಎಲ್ಲ ಇಳಿದವು. ರವಿಕೆ ಕಣಗಳೇ ಒಂದು ಟ್ರಂಕಿನ ತುಂಬ. ಅರಿಶಿನ ಕುಂಕುಮಕ್ಕೆ ಕರೆದು ಕೊಟ್ಟ ಕಣವನ್ನು ನಮ್ಮ ಬಡಾವಣೆಯಲ್ಲಿ ಯಾರೂ ಹೊಲಿಸುವುದಿಲ್ಲ, ಅದು ಮನೆಯಿಂದ ಮನೆಗೆ ತಿರುಗುತ್ತಿರುತ್ತದೆ. ಎಷ್ಟೋ ವರ್ಷದ ಹಿಂದೆ, ಮೂಲೆಯಲ್ಲಿ ಶಾಯಿ ಕಲೆ ಇದೆಯೆಂದು ಎದುರುಮನೆಯವರಿಗೆ ನಾನೇ ದಾಟಿಸಿದ್ದ ಹಳದಿ ಕಣ ಅದೇ ಕಲೆಯೊಂದಿಗೆ ನನ್ನ ಟ್ರಂಕಿನಲ್ಲಿ ಕೂತಿತ್ತು. ಅದನ್ನು ಹಿಡಿದುಕೊಂಡು ನಾವಿಬ್ಬರೂ ನೆಲದ ಮೇಲೆ ಕೂತು ನಕ್ಕಿದ್ದೇ ನಕ್ಕಿದ್ದು.

"ಊರೆಲ್ಲ ಸುತ್ಕಂಡು ತವರಿಗೆ ಬಂದೈತೆ ಕಣಕ್ಕ," ಎಂದಳು ರತ್ನಮ್ಮ.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿರುತ್ತಿತ್ತು. ಅಟ್ಟ ಖಾಲಿಯಾಯಿತು, ಕಪಾಟಿನ ಬಾಗಿಲು ಎಷ್ಟೋ ವರ್ಷದ ಮೇಲೆ ಪೂರ್ತಿ ಮುಚ್ಚಿತು. ಆದರೆ ಇವರು ನಿಲ್ಲಲಿಲ್ಲ. ಮುಂದಿನ ವಾರ ಮಿಕ್ಸಿ ಹೋಯಿತು. ರುಬ್ಬುವುದು ಒರಳಲ್ಲೇ ಆಗಬೇಕಂತೆ. ಹಿತ್ತಲಲ್ಲಿ ತುಳಸಿ ಕಟ್ಟೆಯ ಪಕ್ಕ ಮಣ್ಣು ಹಿಡಿದು ಬಿದ್ದಿದ್ದ ನಮ್ಮತ್ತೆಯ ಕಾಲದ ಒರಳುಕಲ್ಲಿಗೆ ಪುನರ್ಜನ್ಮ ಬಂತು. ಆಮೇಲೆ ವಾಷಿಂಗ್ ಮಷೀನು. ಅವರವರ ಬಟ್ಟೆ ಅವರವರೇ ಒಗೆಯಬೇಕು ಎಂದು ಘೋಷಿಸಿ, ಮೂರು ದಿನ ತಮ್ಮ ಪಂಚೆ ತಾವೇ ಒಗೆದರು. ನಾಲ್ಕನೇ ದಿನ ಸೊಂಟ ಹಿಡಿಯಿತು. ನಿಯಮ ಉಳಿಯಿತು, ಪಂಚೆ ನನ್ನ ಬಕೆಟ್ಟಿಗೆ ಬಂತು. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಎಂದು ನಮ್ಮಮ್ಮ ಹೇಳುತ್ತಿದ್ದದ್ದು ಇಂಥವರನ್ನು ನೋಡಿಯೇ ಇರಬೇಕು.

ತಮಾಷೆಯೆಂದರೆ ರಾಗಿಯ ವಿಷಯ. ಅನ್ನ ಕಡಿಮೆ ಮಾಡಿ ರಾಗಿ ತಿನ್ನಬೇಕು ಎಂದು ಒಂದು ದಿನ ರತ್ನಮ್ಮನನ್ನು ನಿಲ್ಲಿಸಿಕೊಂಡು ಇವರು ಹತ್ತು ನಿಮಿಷ ಪಾಠ ಮಾಡಿದರು. ರಾಗಿಯಲ್ಲಿ ಏನೇನಿದೆ, ಅದನ್ನು ಹೇಗೆ ಜಗಿಯದೆ ನುಂಗಬೇಕು, ಎಲ್ಲ. ಅವಳು ಬ್ಯಾಟರಾಯನಪುರದ ಹಳೇ ಊರಿನವಳು. ಈ ಕಡೆಯೆಲ್ಲ ಸೈಟುಗಳಾಗುವ ಮುಂಚೆ ಅವರಪ್ಪ ಇಲ್ಲೇ ಎಲ್ಲೋ ರಾಗಿ ಬೆಳೆಯುತ್ತಿದ್ದವನು. ಅವಳು ಪೊರಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಪೂರ್ತಿ ಕೇಳಿ, "ಊಂ ಅಣ್ಣ, ಒಳ್ಳೇದು," ಎಂದಳು. ಒಳಗೆ ಬಂದು ನನ್ನ ಮುಖ ನೋಡದೆ ಪಾತ್ರೆ ತೊಳೆದಳು. ನೋಡಿದ್ದರೆ ಇಬ್ಬರಿಗೂ ನಗು ತಡೆಯುತ್ತಿರಲಿಲ್ಲ.

ಹಾಗೆ ಒಳಗೊಳಗೇ ನಕ್ಕ ನಾನು ಅವಳ ಸರದಿ ಬರುತ್ತದೆ ಎಂದು ಊಹಿಸಬೇಕಿತ್ತು.

ಒಂದು ಸಂಜೆ ಇವರು ಕಾಫಿ ಕುಡಿಯುತ್ತಾ, "ಇನ್ನೊಬ್ರ ಶ್ರಮದ ಮೇಲೆ ಬದುಕೋದು ತಪ್ಪು ಸುಧಾ. ನಮ್ಮ ಎಂಜಲು ತಟ್ಟೆ ಇನ್ನೊಬ್ಳು ಯಾಕೆ ತೊಳೀಬೇಕು? ಇನ್ಮೇಲೆ ರತ್ನಮ್ಮ ಬೇಡ," ಎಂದರು.

ನಮ್ಮತ್ತೆ ಎರಡೂವರೆ ವರ್ಷ ಹಾಸಿಗೆ ಹಿಡಿದಿದ್ದಾಗ ಅವರನ್ನು ಮಗುಚಿ, ತೊಳೆದು, ಬಟ್ಟೆ ಬದಲಿಸಿದವಳು ರತ್ನಮ್ಮ. ಅದಕ್ಕಾಗಿ ಬೇರೆ ಮೂರು ಮನೆ ಬಿಡಿಸಿ ಅವಳನ್ನು ಇಡೀ ದಿನ ನಮ್ಮಲ್ಲೇ ಇಟ್ಟುಕೊಂಡವಳು ನಾನು. ಅತ್ತೆ ಹೋದ ಮೇಲೂ ಅವಳು ಆ ಮನೆಗಳಿಗೆ ಮರಳಲಿಲ್ಲ. ನಮ್ಮದೊಂದೇ ಅವಳ ಕೆಲಸ. ಗಂಡ ಇಲ್ಲ, ಮನೆಯಲ್ಲಿ ವಯಸ್ಸಾದ ಅತ್ತೆ. ಇದೆಲ್ಲ ಇವರಿಗೂ ಗೊತ್ತಿತ್ತು.

"ಅವಳು ಏನ್ ಮಾಡ್ಬೇಕು ಮತ್ತೆ?" ಎಂದೆ.

"ಸುಮ್ನೆ ಕಳಿಸಲ್ಲ ಕಣೇ. ನಮ್ಮ ಫ್ರಿಜ್ ಅವಳಿಗೆ ಕೊಟ್ಬಿಡೋಣ. ನಮಗೂ ಬೇಡ, ಅವಳಿಗೂ ಅನುಕೂಲ."

ಒಂದೇ ಏಟಿಗೆ ಎರಡು ಹಕ್ಕಿ. ಎರಡೂ ಸರಳ. ನಾನು ಜಗಳವಾಡಲಿಲ್ಲ. ಯಾಕೆ ಆಡಲಿಲ್ಲ ಎಂದು ಈ ಮೂರು ವರ್ಷದಲ್ಲಿ ಸಾಕಷ್ಟು ಸಲ ಕೇಳಿಕೊಂಡಿದ್ದೇನೆ. ಇವರಿಗೆ ಹೆದರಿ ಎಂದು ಹೇಳಿಕೊಳ್ಳುವುದು ಸುಲಭ, ಆದರೆ ಅದು ನಿಜವಲ್ಲ. ಪಾರ್ಕಿನ ಹೆಂಗಸರು ಆಗಲೇ, "ಸುಧಕ್ಕ, ನಿಮ್ಮ ಹಾಗೆ ನಮ್ಮ ಕೈಲಾಗಲ್ಲ ಬಿಡಿ," ಎನ್ನಲು ಶುರುಮಾಡಿದ್ದರು. ಆ ಮಾತಿನ ರುಚಿ ನನಗೆ ಹತ್ತಿತ್ತು. ಐವತ್ತೈದರ ಹೆಂಗಸು ಇಡೀ ಮನೆಯನ್ನು ಒಬ್ಬಳೇ ನಡೆಸುತ್ತಾಳೆ ಎಂದು ಹೇಳಿಸಿಕೊಳ್ಳಬೇಕೆಂಬ ಚಪಲ. ಥೂ!

ರತ್ನಮ್ಮನಿಗೆ ಹೇಳಿದ್ದು ಇವರೇ, ಮುಂಬಾಗಿಲಲ್ಲಿ ನಿಲ್ಲಿಸಿಕೊಂಡು. "ನೀನು ಬಾಯಿ ಹಾಕ್ಬೇಡ, ಅವಳು ಅಳ್ತಾಳೆ, ನೀನು ಕರಗ್ತೀಯ," ಎಂದು ನನಗೆ ಮೊದಲೇ ತಾಕೀತು ಮಾಡಿದ್ದರು. ನಾನು ಊಟದ ಕೋಣೆಯ ಪರದೆಯ ಹಿಂದೆ ನಿಂತಿದ್ದೆ. ಇವರು ಶ್ರಮ, ಸಮಾನತೆ, ಆತ್ಮಗೌರವ ಎಂದೆಲ್ಲ ಮಾತಾಡಿ ಕೊನೆಗೆ ವಿಷಯಕ್ಕೆ ಬಂದರು. ಅವಳು ಅಳಲಿಲ್ಲ. "ನಾನೇನಾರ ತಪ್ಪು ಮಾಡುದ್ನಾ ಅಣ್ಣ?" ಎಂದು ಒಂದೇ ಸಲ ಕೇಳಿದಳು. ಛೆ ಛೆ, ಹಾಗೇನಿಲ್ಲ, ಇದು ಒಂದು ತತ್ವ ಎಂದರು ಇವರು. ಆಮೇಲೆ ಅವಳು ಸ್ವಲ್ಪ ದನಿ ಎತ್ತಿ, "ಅಕ್ಕಾ," ಎಂದು ಒಳಗೆ ಕರೆದಳು.

ನಾನು ಹೋಗಲಿಲ್ಲ. ಮತ್ತೆ ಅವಳು ಕರೆಯಲಿಲ್ಲ. ಮಧ್ಯಾಹ್ನ ಟೆಂಪೋ ಬಂದು ಫ್ರಿಜ್ಜನ್ನು ಒಯ್ದಿತು.

ಆಮೇಲಿನ ದಿನಗಳನ್ನು ನೆನೆದರೆ ಮೈಯೆಲ್ಲ ಬೆವರುತ್ತದೆ. ಆ ವರ್ಷ ಬಿಸಿಲು ಬೇಗ ಏರಿತ್ತು. ಬೆಳಿಗ್ಗೆ ಎದ್ದು ಹೊಂಗೆಯ ಎಲೆ ಹೂ ಗುಡಿಸಿ, ರಂಗೋಲಿ ಹಾಕಿ, ಒರಳ ಮುಂದೆ ಕೂರುತ್ತಿದ್ದೆ. ಫ್ರಿಜ್ ಇಲ್ಲದ್ದರಿಂದ ದಿನಾ ಹಾಲು ಎರಡು ಸಲ ಕಾಯಿಸಬೇಕು, ದಿನಾ ತರಕಾರಿ ತರಬೇಕು, ದಿನಾ ಹಿಟ್ಟು ರುಬ್ಬಬೇಕು. ನೆಲ ಒರೆಸಿ ಎದ್ದು ನಿಲ್ಲುವಾಗ ಗೋಡೆ ಹಿಡಿಯುತ್ತಿದ್ದೆ. ಇವರೇನು ಮಾಡುತ್ತಿದ್ದರು? ಅನ್ಯಾಯವಾಗಿ ಹೇಳಬಾರದು, ಅವರೂ ಕೆಲಸ ಮಾಡುತ್ತಿದ್ದರು. ಕುಂಡದ ಗಿಡಗಳಿಗೆ ನೀರು ಹಾಕುತ್ತಿದ್ದರು. ತಮ್ಮ ತಟ್ಟೆ ತಾವೇ ತೊಳೆದು, ಅದರ ಫೋಟೋವನ್ನು ಪಾರ್ಕಿನವರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ಅವರ ತಟ್ಟೆಯ ಹಿಂದೆ ಸಿಂಕಿನಲ್ಲಿ ಕೂತಿದ್ದ ಬಾಣಲೆ, ಕುಕ್ಕರ್, ಹಾಲಿನ ಪಾತ್ರೆ ಫೋಟೋದಲ್ಲಿ ಬರದ ಹಾಗೆ ಬಗ್ಗಿ ತೆಗೆಯುತ್ತಿದ್ದರು.

ಆ ಫೋಟೋ ನೋಡಿ ನೋಡಿ ನಮ್ಮ ಬೀದಿಯಲ್ಲೇ ಇನ್ನೂ ನಾಲ್ಕು ಮನೆಯವರು ಕೆಲಸದವರನ್ನು ಬಿಡಿಸಿದರು. ಹಬ್ಬಕ್ಕೆ ಸೀರೆ ಕೊಡುವ ಹೊತ್ತಿಗೆ ಸರಿಯಾಗಿ. ಬಿಡಿಸಿದವರೆಲ್ಲ ಏನೋ ಒಂದು ಸಾಮಾನು ಕೊಟ್ಟು ಕಳಿಸಿದರಂತೆ. ಒಬ್ಬರು ಟ್ರೆಡ್‌ಮಿಲ್ ಕೊಟ್ಟರಂತೆ. ಬೆಳಗಿನಿಂದ ಸಂಜೆವರೆಗೆ ಆರು ಮನೆ ಮೆಟ್ಟಿಲು ಹತ್ತಿ ಇಳಿಯುವ ಹೆಂಗಸಿಗೆ ಟ್ರೆಡ್‌ಮಿಲ್!

ಯುಗಾದಿಯ ದಿನ ನನ್ನ ತಾಳ್ಮೆ ಮುಗಿಯಿತು. ಬೇವು ಬೆಲ್ಲ ಹಂಚಿಕೊಂಡು ಒಬ್ಬಟ್ಟಿನ ಹೂರಣ ರುಬ್ಬಲು ಕೂತಿದ್ದೆ. ಬೇಳೆ ಬೆಲ್ಲದ ಹೂರಣವನ್ನು ಒರಳಲ್ಲಿ ರುಬ್ಬಿದವರಿಗೇ ಗೊತ್ತು ಅದು ಗುಂಡುಕಲ್ಲನ್ನು ಹೇಗೆ ಹಿಡಿದುಕೊಳ್ಳುತ್ತದೆ ಎಂದು. ಅರ್ಧ ಆಗಿತ್ತು. ಬಲಗೈ ಮಣಿಕಟ್ಟಿನಲ್ಲಿ ಚಳಕ್ ಎಂದಿತು. ಕೈ ಊದಿಕೊಂಡು ಬೆರಳು ಮಡಿಚಲು ಬಾರದಂತಾಯಿತು. ಅರಿಶಿನ ಪಟ್ಟು ಹಾಕಿಕೊಂಡು ಎಡಗೈಯಲ್ಲಿ ಹೂರಣ ಮುಗಿಸಿದೆ, ಯಾಕೆಂದರೆ ಇವರು ಪಾರ್ಕಿನ ಎಂಟು ಜನರನ್ನು "ನಮ್ಮ ಸರಳ ಮನೆ" ನೋಡಲು ಊಟಕ್ಕೆ ಕರೆದಿದ್ದರು.

ಬಂದವರು ಮನೆಯೆಲ್ಲ ಓಡಾಡಿದರು. ಖಾಲಿ ಅಟ್ಟ ನೋಡಿದರು, ಫ್ರಿಜ್ ಇದ್ದ ಜಾಗದಲ್ಲಿ ಇಟ್ಟಿದ್ದ ಹೂಜಿ ನೋಡಿದರು, ಒರಳಿನ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡರು. ಬಾಳೆಲೆ ಮುಂದೆ ಕೂತು ಎರಡನೇ ಒಬ್ಬಟ್ಟು ಹಾಕಿಸಿಕೊಳ್ಳುತ್ತಾ ಅವರಲ್ಲೊಬ್ಬ ಹೆಂಗಸು, "ಇಷ್ಟೆಲ್ಲ ಕೆಲಸ ಯಾರು ಮಾಡ್ತಾರೆ ಸರ್?" ಎಂದು ಕೇಳಿದಳು.

"ಯಾರು ಅಂದ್ರೇನಮ್ಮ, ನಾವೇ!" ಎಂದರು ಇವರು, ತುಪ್ಪ ಬಡಿಸಿಕೊಂಡು.

ನನ್ನ ಕೈಯಲ್ಲಿ ತುಪ್ಪದ ಬಟ್ಟಲಿತ್ತು. ಅದನ್ನು ಅವರ ಎಲೆಯ ಮುಂದೆ ಕುಕ್ಕಿದೆ.

"ನಾವು ಅಂದ್ರೆ ಯಾರ್ರೀ? ನಿಮ್ಮ ಬಾಯಿ, ನನ್ನ ಕೈ. ಇಗೋ ನೋಡಿ ಕೈ. ಎಲ್ರೂ ನೋಡಿ, ಇದರದ್ದೂ ಒಂದು ಸೆಲ್ಫಿ ತೊಗೊಳ್ಳಿ. ಮಿಕ್ಸಿ ಹೋಯ್ತು, ಮಷೀನ್ ಹೋಯ್ತು, ಫ್ರಿಜ್ ಹೋಯ್ತು, ರತ್ನಮ್ಮ ಹೋದ್ಳು. ಕೆಲಸ ಒಂದು ಎಳ್ಳಷ್ಟಾದ್ರೂ ಹೋಯ್ತಾ? ಎಲ್ಲ ತಂದು ಒಬ್ಳ ಮೇಲೆ ಹೇರಿ, ಅದಕ್ಕೊಂದು ಹೆಸರಿಟ್ಕೊಂಡು ಕೂತಿದೀರಿ!"

ಬಂದವರು ಮಜ್ಜಿಗೆಗೂ ಕಾಯದೆ ಎಲೆ ಮಡಿಚಿದರು. ಅವರೆಲ್ಲ ಹೋದ ಮೇಲೆ ಇವರು ಬಾಗಿಲು ಹಾಕಿ, "ಹಬ್ಬದ ದಿನ ಎಲ್ಲರೆದುರು ನನ್ನ ಮಾನ ಕಳೆದೆಯಲ್ಲ," ಎಂದರು.

"ಇದ್ರೆ ತಾನೇ ಕಳೆಯೋದು," ಎಂದೆ. ಮದುವೆಯಾದ ಮೇಲೆ ನಾನು ಇವರಿಗೆ ಅಂಥ ಮಾತು ಆಡಿದ್ದು ಅದೇ ಮೊದಲು. ಆಡಿದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಎರಡು ದಿನ ಮಾತಿಲ್ಲ. ಡಾಕ್ಟರು ಕೈಗೆ ಪಟ್ಟಿ ಕಟ್ಟಿ ಒಂದೂವರೆ ತಿಂಗಳು ಭಾರ ಎತ್ತಬಾರದು ಎಂದರು. ಮೂರನೇ ದಿನ ಸಿಂಕಿನ ಪಾತ್ರೆಗಳ ಎದುರು ಇವರೇ ನಿಂತಿದ್ದರು. ಅರ್ಧ ತೊಳೆದು, ಕೈ ಒರೆಸಿಕೊಂಡು, ನನ್ನ ಕಡೆ ತಿರುಗದೆ, "ರತ್ನಮ್ಮನ್ನ ಕರಿ. ಒಂದು ಮಾತು ಹೇಳಿದ್ರೆ ಓಡಿ ಬರ್ತಾಳೆ," ಎಂದರು. ತತ್ವ ಅಷ್ಟು ಬೇಗ ಸೊಂಟ ಮುರಿದುಕೊಂಡಿತು.

ಫೋನ್ ಮಾಡುವ ಮುಖವಿರಲಿಲ್ಲ. ಆಟೋ ಹತ್ತಿ ನಾನೇ ಹೋದೆ. ಬ್ಯಾಟರಾಯನಪುರದ ಹಳೇ ಊರಿನ ಓಣಿಗಳು, ಅಕ್ಕಪಕ್ಕ ಒತ್ತಿಕೊಂಡ ಮನೆಗಳು. ಮೂರು ಕಡೆ ಕೇಳಿಕೊಂಡು ಹೋಗಬೇಕಾಯಿತು. ಹತ್ತೊಂಬತ್ತು ವರ್ಷದಲ್ಲಿ ಅವಳ ಮನೆ ಎಲ್ಲಿದೆ ಎಂದು ನಾನು ನೋಡಿರಲಿಲ್ಲ. ಕೊನೆಗೆ ಗುರುತು ಹೇಳಿದ್ದು ನಮ್ಮ ಫ್ರಿಜ್ಜೇ. ವಠಾರದ ಜಗಲಿಯ ಮೇಲೆ, ಮದುವೆಯಾಗಿ ಹೋದ ನಮ್ಮ ಮಗಳು ಚಿಕ್ಕವಳಿದ್ದಾಗ ಅಂಟಿಸಿದ್ದ ಚಿಟ್ಟೆಯ ಸ್ಟಿಕ್ಕರ್ ಸಮೇತ ಬಿಸಿಲಿಗೆ ನಿಂತಿತ್ತು.

ರತ್ನಮ್ಮ ನನ್ನನ್ನು ಕಂಡು ಗಾಬರಿಯಾದಳು. ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಕರೆದಳು, ಕೈಪಟ್ಟಿ ನೋಡಿ, "ಅಯ್ಯೋ, ಏನ್ ಮಾಡ್ಕಂಡ್ರಿ ಅಕ್ಕ?" ಎಂದಳು. ಒಂದೇ ಕೋಣೆ. ಮೂಲೆಯ ಮಂಚದ ಮೇಲೆ ಅವಳ ಅತ್ತೆ ಮಲಗಿದ್ದಳು. ತಲೆಯ ಹತ್ತಿರ ಒಂದು ಟೇಬಲ್ ಫ್ಯಾನು.

"ಫ್ರಿಜ್ ಹೊರಗೆ ಯಾಕೆ ಇಟ್ಟಿದೀಯ?" ಎಂದು ಕೇಳಿದೆ. ಎಲ್ಲ ಬಿಟ್ಟು ಮೊದಲು ಅದನ್ನೇ ಕೇಳಿದೆ.

"ಬಾಗ್ಲಲ್ಲಿ ಇಡೀಲಿಲ್ಲ ಅಕ್ಕ. ಇಡುದ್ರೂ ಒಳಗೆ ಇರೋದು ಒಂದೇ ಪ್ಲಗ್ಗು. ಅತ್ತೆಗೆ ಫ್ಯಾನ್ ಆಕ್ಲಾ, ಅದುಕ್ಕೆ ಆಕ್ಲಾ? ಈಗ ಅದ್ರಲ್ಲಿ ರಾಗಿ ಚೀಲ ಇಟ್ಟಿವ್ನಿ, ಇಲಿ ಬರಾಕಿಲ್ಲ."

ಕಾಫಿ ಕೊಟ್ಟಳು. ನಾನು ಸುತ್ತಿ ಬಳಸಿ ವಿಷಯ ಎತ್ತಿದೆ. ಕೈ ನೋವು, ಮನೆಯ ಸ್ಥಿತಿ, ಇವರಿಗೂ ತಪ್ಪಿನ ಅರಿವಾಗಿದೆ, ನಾಳೆಯಿಂದಲೇ ಬಾ ಎಂದೆ. ಅವಳು ನೆಲದ ಮೇಲೆ ಕೂತು ಎಲ್ಲ ಕೇಳಿದಳು.

"ಬರಾಕಿಲ್ಲ ಅಕ್ಕ," ಎಂದಳು ಮೆತ್ತಗೆ. "ಎಬ್ಬಾಳದ ತಾವ ಒಂದು ಅಪಾರ್ಟ್‌ಮೆಂಟ್ನಾಗೆ ಸೇರ್ಕಂಡಿವ್ನಿ, ಮೊನ್ನೆಯಿಂದ. ಭಾನುವಾರ ರಜ ಕೊಡ್ತಾರೆ, ಅದ್ಕೇ ಇವತ್ತು ಮನೇಲಿವ್ನಿ."

ನನಗೆ ರೋಷ ಬಂತು. ನಾಚಿಕೆಯಿಲ್ಲದೆ ಬಂತು. "ಇಷ್ಟು ಬೇಗ ಬೇರೆ ಕಡೆ ಸೇರ್ಕೊಂಡ್ಯಾ? ನನಗೊಂದು ಮಾತು ಹೇಳ್ಬಾರ್ದಿತ್ತಾ?"

ಆಗ ಅವಳು ತಲೆ ಎತ್ತಿದಳು. ಅವಳ ಸಿಟ್ಟನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಬಾಯಿ ಜೋರಿರಲಿಲ್ಲ.

"ಬೇಗ ಅಂತೀರಾ? ಅವತ್ತಿಂದ ಅಬ್ಬದವರ್ಗೂ ಕಾದೆ ಅಕ್ಕ. ಎರಡು ಮನೆಯೋರು ಕರುದ್ರು, ಓಗ್ಲಿಲ್ಲ. ಅಣ್ಣ ಏನೋ ಅಂದ್ರು, ಗಂಡುಸ್ರು ಅಂತಾರೆ, ಅಕ್ಕ ಬಂದು ಕರೀತಾರೆ ಅಂದ್ಕಂಡಿದ್ದೆ. ಅವತ್ತು ಪರದೆ ಕೆಳಗೆ ನಿಮ್ಮ ಕಾಲು ಕಾಣ್ತಿತ್ತು. ನಿಮ್ಮತ್ತೇನ ನಾನು ಎತ್ತಿ ಮಲಗುಸ್ದಾಗ ನೀವು ಏನಂದ್ರಿ, ನೆಪ್ಪೈತಾ? ನೀನು ಬೇರೆಯೋಳಲ್ಲ ಅಂದ್ರಿ. ಬೇರೆಯೋಳಲ್ದಿದ್ರೆ ಒಂದು ಎಜ್ಜೆ ಈಚೆಗೆ ಬರ್ತಿರಲಿಲ್ವಾ? ಈಗ್ಲೂ ನಿಮ್ಮ ಕೈ ಚೆನ್ನಾಗಿದ್ದಿದ್ರೆ ನೀವು ಬತ್ತಿದ್ರಾ?"

ನಾನು ಹೌದು ಎನ್ನಲು ಬಾಯಿ ತೆರೆದೆ. ಸುಳ್ಳು ಹೊರಡಲಿಲ್ಲ.

ಅವಳು ಆಮೇಲೆ ತಣ್ಣಗಾದಳು. ನನ್ನನ್ನು ಓಣಿಯ ತುದಿಯವರೆಗೂ ಬಿಟ್ಟು, ತಾನೇ ಆಟೋ ನಿಲ್ಲಿಸಿ, "ಕೈ ಉಸಾರು ಅಕ್ಕ," ಎಂದು ಹತ್ತಿಸಿದಳು. ಅದಕ್ಕಿಂತ ಎರಡೇಟು ಹಾಕಿದ್ದರೆ ಚೆನ್ನಾಗಿರುತ್ತಿತ್ತು.

ಮನೆಗೆ ಬಂದಾಗ ಇವರು ಗೇಟಿನ ಹತ್ತಿರವೇ ಕಾಯುತ್ತಿದ್ದರು.

"ಏನಂದ್ಲು? ನಾಳೆಯಿಂದ ಬರ್ತಾಳಂತಾ?"

"ಬರಲ್ವಂತೆ."

"ಬರಲ್ವಂತಾ?" ಅವರಿಗೆ ನಿಜವಾಗಿ ಆಶ್ಚರ್ಯವಾಗಿತ್ತು. "ಎಷ್ಟು ಸೊಕ್ಕು ನೋಡು. ಅಂಥ ಫ್ರಿಜ್ ಕೊಟ್ಟಿದೀವಿ!"

ಅವರ ಮೇಲೆ ಹಾಯಬೇಕೆಂದು ತಿರುಗಿದೆ. ಎದೆಯಲ್ಲಿದ್ದ ಬೈಗುಳವೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಒಂದು ಗಂಟೆಯ ಹಿಂದೆ ಅವಳ ಮನೆ ಹುಡುಕಿಕೊಂಡು ಹೋಗುವಾಗ, ಆಟೋದಲ್ಲಿ ಕೂತು ನಾನೂ ಅದನ್ನೇ ಅಂದುಕೊಂಡಿದ್ದೆ. ಫ್ರಿಜ್ ಕೊಟ್ಟಿದೀವಲ್ಲ, ಇಲ್ಲ ಅನ್ನಲಾರಳು ಎಂದು. ಬಾಯಿ ಮುಚ್ಚಿಕೊಂಡು ಒಳಗೆ ಹೋದೆ.